ಲೆಕ್ಕ ತಾಳೆಯಾಗದಿದ್ದರೆ ಪುಸ್ತಕ ಹರಿಯುವುದೇ?

ಮಾನ್ಯ ಸಂಪಾದಕರಿಗೆ,

ವಂದನೆಗಳು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಮಾಮೂಲಿ ಬೆಂಬಲ ಮುಗಿದ ಬಳಿಕ ನಮ್ಮ ಉಡುಪಿ, ಮಂಗಳೂರು ಕಡೆಯ ಹಲವು ಮನೆಗಳಲ್ಲಿ ಹಳೆಯ ಕಂಪ್ಯೂಟರಿಗೆ ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಸಿಕೊಂಡವರನ್ನು ಕಾಣುತ್ತಿದ್ದೇನೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರಾದರೆ ಎಂಟನೆಯ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು; ಇವಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಯಾವ ಊನವೂ ಇಲ್ಲದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದವರು ಲಿನಕ್ಸಿನತ್ತ ತಿರುಗಿದ್ದು ಸಹಜವೇ. ಆದರೆ ಹೀಗೆ ತಿರುಗಿದವರಲ್ಲಿ ಕೆಲವರು ಎರಡು ಮೂರು ತಿಂಗಳೊಳಗೆ “ಅದು ನಮಗೆ ಹೇಳಿದ್ದಲ್ಲ” ಎಂದು ಕೈಬಿಟ್ಟದ್ದನ್ನೂ ಕಂಡಿದ್ದೇನೆ. ಕಾರಣ ವಿಚಾರಿಸಿದರೆ ಹೆಚ್ಚುಕಡಿಮೆ ಒಂದೇ ಕಥೆ: ಏನೋ ಕೆಟ್ಟಿತು, ಅಂಗಡಿಗೆ ಒಯ್ದರು, ಫಾರ್ಮ್ಯಾಟ್ ಮಾಡಿಕೊಟ್ಟರು (ಎಂದರೆ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಕೊಟ್ಟರು), ಸ್ವಲ್ಪ ದಿನ ಕಳೆದು ಮತ್ತೆ ಅದೇ ಕೆಟ್ಟಿತು. ಏನೇ ಕೆಟ್ಟರೂ ಫಾರ್ಮ್ಯಾಟ್ ಮಾಡಿಸಿಬಿಡುವ ಈ ಅಭ್ಯಾಸದ ಕುರಿತೇ ನನ್ನ ಪತ್ರ. ಸ್ವಲ್ಪ ಉದ್ದವಾಗಿದೆ, ಸ್ಥಳಾಭಾವದಿಂದ ಕತ್ತರಿ ಹಾಕುವುದಿದ್ದರೆ ಕೊನೆಯ ಪ್ಯಾರಾವೊಂದನ್ನು ದಯವಿಟ್ಟು ಉಳಿಸಿಕೊಳ್ಳಬೇಕೆಂದು ಮೊದಲೇ ವಿನಂತಿಸುತ್ತೇನೆ.

ನಾನು ಕಂಪ್ಯೂಟರ್ ಓದಿದವನಲ್ಲ, ಲೆಕ್ಕ ಬರೆಯುವವನು. ಒಂದು ಸಹಕಾರಿ ಸಂಘದಲ್ಲಿ 31 ವರ್ಷ ದಿನವಹಿ, ರೋಕಡ ಪುಸ್ತಕ, ಖಾತಾವಹಿಗಳನ್ನು ಬರೆದು, ವರ್ಷಕ್ಕೊಮ್ಮೆ ಅಢಾವೆ ಪತ್ರಿಕೆಯನ್ನು ತಾಳೆ ಹೊಂದಿಸಿ ನಿವೃತ್ತನಾದೆ. ಸಂಜೆ ಐದೂವರೆಗೆ ಅಖೈರು ಶಿಲ್ಕು, ಎಂದರೆ ದಿನದ ಕೊನೆಯ ಬಾಕಿ, ತಾಳೆಯಾಗದೆ ಕುಳಿತ ದಿನಗಳು ನನ್ನ ಬದುಕಿನಲ್ಲಿ ಕಡಿಮೆಯೇನಲ್ಲ. ಅಂಥ ದಿನ ಯಾವ ಗುಮಾಸ್ತನೂ ಪುಸ್ತಕ ಹರಿದು ಹೊಸ ಪುಸ್ತಕ ತೆರೆಯುವುದಿಲ್ಲ. ಆರಂಭ ಶಿಲ್ಕಿನಿಂದ ಹಿಡಿದು ಒಂದೊಂದೇ ವೋಚರನ್ನು ಬೆರಳಿಟ್ಟು ನೋಡುತ್ತ ಬರುತ್ತಾನೆ. ವ್ಯತ್ಯಾಸದ ಮೊತ್ತ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುವುದಾದರೆ ಎಲ್ಲೋ 54 ಬರೆಯುವಲ್ಲಿ 45 ಬರೆದು ಅಂಕಿ ಅದಲುಬದಲಾಗಿರಬಹುದು. ಎರಡರಿಂದ ಭಾಗವಾಗುವುದಾದರೆ ಅದರ ಅರ್ಧದ ಮೊತ್ತವೊಂದು ಜಮೆಯ ಬದಲು ಖರ್ಚಿಗೆ ಬಿದ್ದಿರಬಹುದು. ತಪ್ಪಿನ ರೂಪವೇ ತಪ್ಪು ಇರುವ ಜಾಗದತ್ತ ಕೈ ತೋರಿಸುತ್ತದೆ. ಲಿನಕ್ಸ್ ಯಂತ್ರವೂ ಹೀಗೆಯೇ ತನ್ನ ದಿನವಹಿಯನ್ನು ಕ್ಷಣಕ್ಷಣಕ್ಕೂ ಬರೆದಿಡುತ್ತದೆ ಎಂಬುದು ನನಗೆ ಗೊತ್ತಾಗಲು ಮಾತ್ರ ಒಂದು ಮಳೆಗಾಲವೂ ಒಂದಿಷ್ಟು ನಷ್ಟವೂ ಬೇಕಾದವು.

ನಮ್ಮ ಮನೆಯಲ್ಲಿರುವುದು ಇಂಟೆಲ್‌ನ ಆರನೆಯ ಪೀಳಿಗೆಯ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು ಮಗಳು ತನ್ನ ಸ್ಕಾಲರ್‌ಶಿಪ್ ಹಣದಿಂದ ಸೆಕೆಂಡ್ ಹ್ಯಾಂಡ್ ಕೊಂಡುತಂದ ಎನ್‌ವಿಡಿಯಾ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ಲಿನಕ್ಸಿನ ಒಂದು ರೂಪವಾದ ಲಿನಕ್ಸ್ ಮಿಂಟ್ ಹಾಕಿ ಎರಡು ವರ್ಷವಾಗುತ್ತ ಬಂತು. ಅದರಲ್ಲಿ ನನಗೆ ನನ್ನ ತಂದೆಯವರ ತಾಳಮದ್ದಳೆಯ ಅರ್ಥದ ಟಿಪ್ಪಣಿಗಳನ್ನು ಟೈಪ್ ಮಾಡುವ ಕೆಲಸ; ಮಗಳಿಗೆ ಕಾಲೇಜಿನ ಪ್ರೋಗ್ರಾಮಿಂಗ್ ಮತ್ತು, ಅದಕ್ಕಿಂತ ತುಸು ಹೆಚ್ಚೇ ಎನ್ನಬಹುದಾದಷ್ಟು, ಗೇಮ್. ಕಳೆದ ಜೂನ್ ತಿಂಗಳ ಒಂದು ಬೆಳಗ್ಗೆ ಯಂತ್ರವನ್ನು ಆನ್ ಮಾಡಿದಾಗ ಪರದೆಯ ಅಕ್ಷರಗಳೆಲ್ಲ ದಪ್ಪದಪ್ಪಗೆ ಊದಿಕೊಂಡಿದ್ದವು. ಹಿಂದಿನ ದಿನದವರೆಗೆ ಸಲೀಸಾಗಿ ಓಡುತ್ತಿದ್ದ ಕಾರ್ ರೇಸಿನ ಗೇಮ್ ರಥಬೀದಿಯಲ್ಲಿ ತೇರು ಎಳೆದಷ್ಟು ನಿಧಾನವಾಗಿ ಸಾಗುತ್ತಿತ್ತು. ಪೇಟೆಯ ಒಂದು ಅಂಗಡಿಗೆ ಒಯ್ದೆ. ಅಲ್ಲಿನವರು ಐದು ನಿಮಿಷ ನೋಡಿ, “ಲಿನಕ್ಸ್ ಅಲ್ವಾ, ಇದಕ್ಕೆ ಬೇರೆ ಮದ್ದಿಲ್ಲ ಮಾರಾಯ್ರೆ, ಒಮ್ಮೆ ಫಾರ್ಮ್ಯಾಟ್ ಮಾಡಿಬಿಡುವ” ಎಂದರು. ನಾನು ಒಪ್ಪಿದೆ, ಆದ್ದರಿಂದ ತಪ್ಪಿನಲ್ಲಿ ಅರ್ಧ ಪಾಲು ನನ್ನದೇ. ಮರುದಿನ ಯಂತ್ರ ಹೊಸದರಂತೆ ಓಡಿತು. ಆದರೆ ಏಪ್ರಿಲ್‌ವರೆಗಿನ ಟೈಪಿಂಗ್ ಮಾತ್ರ ಪೆನ್‌ಡ್ರೈವಿನಲ್ಲಿತ್ತು; ಆಮೇಲಿನ ಎರಡು ತಿಂಗಳ ಕೆಲಸ, ಕರ್ಣಪರ್ವದ ಪೂರ್ತಿ ಟಿಪ್ಪಣಿ ಸಹಿತ, ಹೋಯಿತು. ಮಗಳು ಆಡಿ ಉಳಿಸಿಟ್ಟಿದ್ದ ಗೇಮಿನ ಹಂತಗಳೂ ಹೋದವು. ಸ್ಟೀಮ್‌ನಲ್ಲಿ (ಗೇಮುಗಳನ್ನು ಕೊಂಡು ಆಡುವ ತಾಣ ಅದು) ಎಲ್ಲ ಗೇಮಿನ ಹಂತಗಳೂ ಕ್ಲೌಡಿನಲ್ಲಿ, ಎಂದರೆ ಅಂತರ್ಜಾಲದ ಕಡೆಯ ಸಂಗ್ರಹದಲ್ಲಿ, ಉಳಿಯುವುದಿಲ್ಲ. ಕ್ಲೌಡ್ ಸೌಲಭ್ಯ ಇಲ್ಲದ ಗೇಮುಗಳದ್ದು ಅದೇ ಡಿಸ್ಕಿನ ‘ಕಂಪ್ಯಾಟ್‌ಡೇಟಾ’ ಎಂಬ ಫೋಲ್ಡರಿನೊಳಗೆ ಇರುತ್ತದೆಂಬುದನ್ನು ನಾವು ಕಲಿತದ್ದು ಅದು ಅಳಿದುಹೋದ ಮೇಲೆ.

ಮೂರು ವಾರ ಕಳೆಯಿತು. ಜುಲೈಯ ಮೊದಲ ವಾರ ಮತ್ತೆ ಅದೇ ಊದಿದ ಅಕ್ಷರ, ಅದೇ ತೇರಿನ ಓಟ.

ಈ ಸಲ ಮಗಳು ಅಂಗಡಿಗೆ ಒಯ್ಯಲು ಬಿಡಲಿಲ್ಲ. “ಅಪ್ಪ, ನಿನ್ನೆ ರಾತ್ರಿ ಏನಾಯ್ತು ಅಂತ ಮೊದಲು ನೋಡುವ” ಎಂದಳು. ನಿನ್ನೆ ರಾತ್ರಿ ಆದದ್ದು ಕರಾವಳಿಯ ಮಳೆಗಾಲದಲ್ಲಿ ದಿನವೂ ಆಗುವಂಥದ್ದೇ: ಅಪ್‌ಡೇಟ್ ನಡೆಯುತ್ತಿದ್ದಾಗ ಗುಡುಗು ಬಂದು ಕರೆಂಟ್ ಹೋಯಿತು. ನೆನಪಿಸಿಕೊಂಡರೆ ಜೂನ್ ತಿಂಗಳಲ್ಲೂ ಹಾಗೆಯೇ ಆಗಿತ್ತು. ಅವಳು ಯಂತ್ರ ಆನ್ ಆಗುವ ಹೊತ್ತಿಗೆ ಎಸ್ಕೇಪ್ ಕೀ ಒತ್ತಿ, ಗ್ರಬ್ ಎಂಬ ಆರಂಭದ ಪಟ್ಟಿಯನ್ನು ತಂದು, ಅದರ ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬಲ್ಲಿ ಹಿಂದಿನ ಕರ್ನೆಲನ್ನು ಆರಿಸಿದಳು. ಪರದೆ ಒಮ್ಮೆಲೇ ಸರಿಹೋಯಿತು! ಒಂದು ಬೈಟ್ ಅಳಿಸದೆ, ಒಂದು ಪೈಸೆ ಖರ್ಚಿಲ್ಲದೆ, ಎರಡು ನಿಮಿಷದಲ್ಲಿ.

ಹೀಗೇಕಾಯಿತೆಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮನೆಗಳಲ್ಲಿ ಲಿನಕ್ಸ್ ಬಿಟ್ಟವರ ಹತ್ತಿರ ಕೇಳಿದ ಕಥೆಗಳಲ್ಲಿ ಇದೇ ಹೆಚ್ಚು. ಕರ್ನೆಲ್ ಎಂಬುದು ವ್ಯವಸ್ಥೆಯ ತಿರುಳು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ತೊಡಗಿದ್ದು ಅದನ್ನೇ. ಎನ್‌ವಿಡಿಯಾ ಕಂಪನಿಯ ಸ್ವಂತ ಡ್ರೈವರ್, ಎಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ, ಈ ಕರ್ನೆಲಿನ ಭಾಗವಲ್ಲ, ಹೊರಗಿನಿಂದ ಬಂದು ಸೇರಿಕೊಳ್ಳುವಂಥದ್ದು. ಆದ್ದರಿಂದ ಅಪ್‌ಡೇಟಿನಲ್ಲಿ ಹೊಸ ಕರ್ನೆಲ್ ಬಂದಾಗಲೆಲ್ಲ ಅದಕ್ಕೆ ಹೊಂದುವಂತೆ ಡ್ರೈವರಿನ ಒಂದು ತುಂಡನ್ನು ಹೊಸದಾಗಿ ಕಟ್ಟಬೇಕಾಗುತ್ತದೆ, ಈ ಕೆಲಸವನ್ನು ಡಿಕೆಎಂಎಸ್ ಎಂಬ ಉಪಕರಣ ನಾವು ಹೇಳದೆಯೇ ಮಾಡುತ್ತದೆ. ಕಟ್ಟುವ ಹೊತ್ತಿಗೆ ಕರೆಂಟ್ ಹೋದರೆ ಕರ್ನೆಲ್ ಹೊಸದು, ಡ್ರೈವರ್ ಇಲ್ಲ. ಆಗ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕುಳಿತಿರುತ್ತದೆ. ಸಿಸ್ಟಮ್ ಮಾಹಿತಿಯಲ್ಲಿ ಕಾರ್ಡಿನ ಹೆಸರಿರಬೇಕಾದ ಕಡೆ ‘ಎಲ್‌ಎಲ್‌ವಿಎಂಪೈಪ್’ ಎಂಬ ಹೆಸರು ಕಂಡರೆ ಆದದ್ದು ಇದೇ ಎಂದು ತಿಳಿಯಬೇಕು. ‘ಡಿಕೆಎಂಎಸ್ ಸ್ಟೇಟಸ್’ ಎಂದು ಕೇಳಿದಾಗ ಹಳೆಯ ಕರ್ನೆಲಿನ ಮುಂದೆ ‘ಇನ್‌ಸ್ಟಾಲ್ಡ್’ ಎಂದಿತ್ತು, ಹೊಸದರ ಸುದ್ದಿಯೇ ಇರಲಿಲ್ಲ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಮುಗಿಸಲು ಡಿಪಿಕೆಜಿ ಎಂಬ ಉಪಕರಣಕ್ಕೆ ‘ಕಾನ್ಫಿಗರ್’ ಎಂಬ ಒಂದು ಸಾಲಿನ ಆಜ್ಞೆ ಇದೆ. ಅದನ್ನು ಮುಂದಿನ ಅಪ್‌ಡೇಟಿನ ಹೊತ್ತಿಗೆ ಯಂತ್ರವೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ನಾವು ಮಾಡಬೇಕಾದುದು ಅದನ್ನು ಓದಿ ಹಾಗೆಯೇ ಟೈಪ್ ಮಾಡುವುದಷ್ಟೇ. ಅಂಗಡಿಯವರು ಫಾರ್ಮ್ಯಾಟ್ ಮಾಡಿದಾಗ ಸರಿಯಾದದ್ದು ನಿಜ, ಏಕೆಂದರೆ ಎಲ್ಲವನ್ನೂ ಮೊದಲಿನಿಂದ ಕಟ್ಟಿದಾಗ ಡ್ರೈವರೂ ಕಟ್ಟಿತು. ಆದರೆ ರೋಗ ಇದ್ದದ್ದು ಕರೆಂಟಿನಲ್ಲಿ.

ನಮ್ಮ ಮನೆಯಲ್ಲಿ ಇನ್‌ವರ್ಟರ್ ಇದೆಯಲ್ಲ, ಹಾಗಾದರೆ ಯಂತ್ರ ಆರಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಅದರ ಬೆನ್ನ ಹಿಂದೆಯೇ ಇತ್ತು. ಅನೇಕ ಇನ್‌ವರ್ಟರುಗಳ ಹಿಂಬದಿ ಒಂದು ಚಿಕ್ಕ ಸ್ವಿಚ್ ಇರುತ್ತದೆ: ಒಂದು ಕಡೆ ಸಾಮಾನ್ಯ, ಇನ್ನೊಂದು ಕಡೆ ಯುಪಿಎಸ್. ಸಾಮಾನ್ಯ ಸ್ಥಿತಿಯಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಕ್ಷಣಮಾತ್ರದ ಹೊತ್ತು ಫ್ಯಾನಿಗೂ ದೀಪಕ್ಕೂ ತಿಳಿಯುವುದಿಲ್ಲ, ಕಂಪ್ಯೂಟರಿಗೆ ತಿಳಿಯುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆಗೆ ಸರಿಸಿದ ಮೇಲೆ ಇಂದಿನವರೆಗೆ ಅಪ್‌ಡೇಟ್ ನಡುವೆ ಯಂತ್ರ ಆರಿಲ್ಲ. ಆರು ವರ್ಷ ಆ ಸ್ವಿಚ್ಚಿನ ಮೇಲೆ ಧೂಳು ಒರೆಸಿದ್ದೇನೆಯೇ ಹೊರತು ಅದೇನೆಂದು ಓದಿರಲಿಲ್ಲ. ಮಿಂಟ್ ಜೊತೆಗೇ ಬರುವ ಟೈಮ್‌ಶಿಫ್ಟ್ ಎಂಬುದನ್ನೂ ಅಂದಿನಿಂದಲೇ ಹೊಂದಿಸಿಟ್ಟೆವು. ಅದು ವ್ಯವಸ್ಥೆಯ ಸ್ಥಿತಿಯನ್ನು ಆಗಾಗ ಪ್ರತಿ ತೆಗೆದಿಡುತ್ತದೆ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಆದರೆ ನಾವಾಗಿ ಹೇಳದ ಹೊರತು ನಮ್ಮ ಸ್ವಂತ ಕಡತಗಳ ಪ್ರತಿಯನ್ನು ಅದು ತೆಗೆಯುವುದಿಲ್ಲ. ಅದಕ್ಕೆ ಪೆನ್‌ಡ್ರೈವೇ ಗತಿ. ಈಗ ಪ್ರತಿ ಶನಿವಾರ ಪ್ರತಿ ತೆಗೆಯುತ್ತೇನೆ.

ಗೇಮ್ ವಿಷಯಕ್ಕೆ ಬಂದರೆ ಈ ಗೋಜಲು ಇನ್ನೂ ಒಂದು ಪದರ ಹೆಚ್ಚು. ವಿಂಡೋಸಿಗೆಂದು ಬರೆದ ಗೇಮ್ ಲಿನಕ್ಸಿನಲ್ಲಿ ಓಡುವುದು ವೈನ್ ಎಂಬ ತಂತ್ರಾಂಶದಿಂದ, ಅದರ ಕೆಲಸ 1993ರಲ್ಲೇ ಆರಂಭವಾಗಿತ್ತು. ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2018ರಲ್ಲಿ ಇದಕ್ಕೆ ಇನ್ನಷ್ಟು ಭಾಗಗಳನ್ನು ಸೇರಿಸಿ ಪ್ರೋಟಾನ್ ಎಂಬ ಹೆಸರಿನಲ್ಲಿ ಹೊರತಂದಿತು. ಗೇಮ್ ವಿಂಡೋಸಿನ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ “ಇಲ್ಲೊಂದು ಮರ ಬಿಡಿಸು” ಎಂದು ಹೇಳುತ್ತದೆ, ಡಿಎಕ್ಸ್‌ವಿಕೆ ಎಂಬ ಭಾಗ ಅದನ್ನು ವಲ್ಕನ್ ಎಂಬ ಇನ್ನೊಂದು ಭಾಷೆಗೆ ತಿರುಗಿಸುತ್ತದೆ, ಡ್ರೈವರ್ ಅದನ್ನು ಕೇಳಿಸಿಕೊಂಡು ಕಾರ್ಡಿಗೆ ತಿಳಿಸುತ್ತದೆ. ನಡುವೆ ಇಷ್ಟು ಜನ ದುಭಾಷಿಗಳಿರುವಾಗ ಮಾತು ಎಲ್ಲಿ ತಪ್ಪಿತೆಂದು ಕಂಡುಹಿಡಿಯದೆ ಎಲ್ಲರನ್ನೂ ಒಟ್ಟಿಗೆ ಮನೆಗೆ ಕಳುಹಿಸಿದರೆ ಏನು ಬಂತು? ಮಗಳು ಇದಕ್ಕೆ ಒಂದು ಸುಲಭದ ಪರೀಕ್ಷೆ ಇಟ್ಟುಕೊಂಡಿದ್ದಾಳೆ. ಸೂಪರ್‌ಟಕ್ಸ್‌ಕಾರ್ಟ್ ಎಂಬ ಉಚಿತ ಗೇಮ್ ಲಿನಕ್ಸಿನಲ್ಲಿ ನೇರವಾಗಿ ಓಡುವ ರೂಪದಲ್ಲೂ ಸಿಗುತ್ತದೆ, ಮಿಂಟಿನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಇದೆ. ಅದಕ್ಕೆ ವೈನ್ ಬೇಡ, ಪ್ರೋಟಾನ್ ಬೇಡ. ಅದು ಸರಾಗವಾಗಿ ಓಡಿ ವಿಂಡೋಸಿನ ಗೇಮ್ ಮಾತ್ರ ಓಡದಿದ್ದರೆ ತಪ್ಪು ಹೆಚ್ಚಾಗಿ ಪ್ರೋಟಾನ್ ಕಡೆಯದು, ಮೊದಲಿಗೇ ಡ್ರೈವರನ್ನು ಮುಟ್ಟಬಾರದು. ಅದೂ ಕುಂಟಿದರೆ ತಪ್ಪು ಡ್ರೈವರಿನದೋ ಯಂತ್ರದ್ದೋ, ಗೇಮಿನ ಸೆಟ್ಟಿಂಗಿನಲ್ಲಿ ರಾತ್ರಿಯಿಡೀ ಕೆದಕಿ ಪ್ರಯೋಜನವಿಲ್ಲ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಮೊದಲು ತಪ್ಪು ಯಾವ ಪುಸ್ತಕದಲ್ಲಿದೆ ಎಂದು ತಿಳಿದುಕೊಂಡು ಆಮೇಲೆ ಪುಟ ಹುಡುಕುವುದು.

ಪುಟ ಹುಡುಕಲು ಪ್ರೋಟಾನಿಗೂ ಒಂದು ದಿನವಹಿ ಇದೆ, ಆದರೆ ಕೇಳದ ಹೊರತು ಬರೆಯುವುದಿಲ್ಲ. ಸ್ಟೀಮ್‌ನಲ್ಲಿ ಗೇಮಿನ ‘ಲಾಂಚ್ ಆಪ್ಷನ್ಸ್’ ಎಂಬಲ್ಲಿ ‘ಪ್ರೋಟಾನ್ ಅಂಡರ್‌ಸ್ಕೋರ್ ಲಾಗ್ ಸಮ ಒಂದು’ ಎಂದು, ಅದರ ಮುಂದೆ ಜಾಗ ಬಿಟ್ಟು ಎರಡು ಶೇಕಡಾ ಚಿಹ್ನೆಗಳ ನಡುವೆ ‘ಕಮಾಂಡ್’ ಎಂದು ಇಂಗ್ಲಿಷಿನಲ್ಲಿ ಬರೆದು ಗೇಮ್ ತೆರೆದರೆ, ನಮ್ಮ ಹೋಮ್ ಫೋಲ್ಡರಿನಲ್ಲಿ ಗೇಮಿನ ಸಂಖ್ಯೆಯ ಹೆಸರಿನಲ್ಲಿ ಒಂದು ಲಾಗ್ ಕಡತ ಹುಟ್ಟುತ್ತದೆ. ಅದು ಸಾವಿರಾರು ಸಾಲು ಇರಬಹುದು, ಅರ್ಥವಾಗದ್ದೇ ಹೆಚ್ಚು. ಆದರೆ ಗೇಮ್ ನಿಂತುಹೋಗುವ ಮೊದಲಿನ ಕೆಲವು ಸಾಲುಗಳನ್ನು ಓದಿದರೆ ಹಲವು ಸಲ ಸುಳಿವು ಸಿಗುತ್ತದೆ. ಕಾರ್ಕಳದಲ್ಲಿರುವ ನನ್ನ ಅಕ್ಕನ ಮಗನ ಯಂತ್ರ ಇಂಟೆಲ್‌ನ ನಾಲ್ಕನೆಯ ಪೀಳಿಗೆಯದು, ಬೇರೆ ಕಾರ್ಡ್ ಇಲ್ಲ. ಅಲ್ಲಿ ಯಾವ ಗೇಮ್ ತೆರೆದರೂ ಅರೆಕ್ಷಣ ಕಪ್ಪು ಪರದೆ, ಬಳಿಕ ಏನೂ ಇಲ್ಲ. ಅವನು ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದ! ಲಾಗಿನಲ್ಲಿ ವಲ್ಕನ್ ವಿಷಯದ ದೂರು ಸ್ಪಷ್ಟವಾಗಿ ಇತ್ತು: ಪ್ರೋಟಾನಿನ 8ನೆಯ ಆವೃತ್ತಿಯಿಂದ ಮುಂದಿನವಕ್ಕೆ ವಲ್ಕನ್ 1.3 ಬೇಕು, ಆ ಕಾಲದ ಇಂಟೆಲ್ ಗ್ರಾಫಿಕ್ಸಿಗೆ ಅದು ಸಾಧ್ಯವಿಲ್ಲ. ನೂರು ಸಲ ಫಾರ್ಮ್ಯಾಟ್ ಮಾಡಿದರೂ ಚಿಪ್ ಬದಲಾಗುವುದಿಲ್ಲವಲ್ಲ. ವೈನಿನ ಹಳೆಯ ದಾರಿ ವಲ್ಕನ್ ಬೇಡದ, ನಿಧಾನದ ದಾರಿ. ಅದನ್ನು ಹಿಡಿದ ಮೇಲೆ ಅವನ ಹಳೆಯ ಎರಡು ಗೇಮುಗಳು ಓಡಿದವು, ಹೊಸದೊಂದು ಓಡಲೇ ಇಲ್ಲ. ಓಡದು ಎಂದು ತಿಳಿದದ್ದೂ ಒಂದು ಲಾಭವೇ, ಮೂರನೆಯ ಫಾರ್ಮ್ಯಾಟಿನ ಹಣ ಉಳಿಯಿತು.

ಸುರತ್ಕಲ್ಲಿನ ಭಾವನ ಮನೆಯಲ್ಲಿ ಆದದ್ದು ಬೇರೆಯೇ. ಅಲ್ಲಿ ಒಂದೇ ಯಂತ್ರದಲ್ಲಿ ವಿಂಡೋಸೂ ಇದೆ, ಲಿನಕ್ಸೂ ಇದೆ. ಗೇಮುಗಳೆಲ್ಲ ವಿಂಡೋಸಿನ ಡಿ ಡ್ರೈವಿನಲ್ಲಿ. ಎರಡೂ ಕಡೆಯಿಂದ ಅವನ್ನೇ ಆಡುವ ಯೋಚನೆ. ಲಿನಕ್ಸಿನ ಸ್ಟೀಮ್‌ನಲ್ಲಿ ಗೇಮ್ ಇನ್‌ಸ್ಟಾಲ್ ಆಗಿದೆಯೆಂದು ಕಾಣುತ್ತದೆ, ‘ಪ್ಲೇ’ ಒತ್ತಿದರೆ ಒಂದು ಕ್ಷಣ ‘ರನ್ನಿಂಗ್’ ಎಂದು ಬಂದು ಮತ್ತೆ ‘ಪ್ಲೇ’ ಆಗುತ್ತದೆ. ಇದಕ್ಕೆ ಕಾರಣ ಎರಡು. ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಮಲಗುವುದಿಲ್ಲ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಅರೆನಿದ್ದೆ ಮಾಡುತ್ತದೆ. ಆಗ ಲಿನಕ್ಸಿಗೆ ಆ ಡ್ರೈವನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಎರಡನೆಯದು, ಪ್ರೋಟಾನ್ ತನ್ನ ಫೋಲ್ಡರಿನೊಳಗೆ ‘ಸಿ’ ಮತ್ತು ಕೋಲನ್ ಚಿಹ್ನೆ ಸೇರಿದ ಹೆಸರಿನ ಕೊಂಡಿಯೊಂದನ್ನು ಮಾಡಿಕೊಳ್ಳುತ್ತದೆ. ವಿಂಡೋಸಿನ ನಿಯಮದಲ್ಲಿ ಅಂಥ ಹೆಸರಿಗೆ ಅವಕಾಶವೇ ಇಲ್ಲವಾದ್ದರಿಂದ ವಿಂಡೋಸಿನ ಮಾದರಿಯ ಎನ್‌ಟಿಎಫ್‌ಎಸ್ ಡ್ರೈವಿನಲ್ಲಿ ಒಂದಲ್ಲ ಒಂದು ತಕರಾರು ತಪ್ಪದು. ಗೇಮುಗಳನ್ನು ಲಿನಕ್ಸಿನದೇ ಆದ ಇಎಕ್ಸ್‌ಟಿ4 ಭಾಗಕ್ಕೆ ಸಾಗಿಸಿದ ಮೇಲೆ ಎಲ್ಲವೂ ಓಡಿದವು. ಅದೇ ಯಂತ್ರದಲ್ಲಿ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆಮುಂದೆ ಆಗುತ್ತಿತ್ತು. ಒಂದು ವ್ಯವಸ್ಥೆ ಯಂತ್ರದ ಗಡಿಯಾರವನ್ನು ಭಾರತದ ಸಮಯವೆಂದೂ ಇನ್ನೊಂದು ಗ್ರೀನಿಚ್ ಸಮಯವೆಂದೂ ತಿಳಿಯುವುದರಿಂದ ಹೀಗೆ. ಭಾವ ಇದನ್ನು ವೈರಸ್ ಎಂದುಕೊಂಡು ಫಾರ್ಮ್ಯಾಟಿಗೆ ಹೊರಟಿದ್ದರು. ವ್ಯತ್ಯಾಸ ಐದೂವರೆ ಗಂಟೆಯೇ ಏಕೆ, ಐದೋ ಆರೋ ಏಕಲ್ಲ ಎಂದು ಯಾರೂ ಕೇಳಿರಲಿಲ್ಲ.

ಯಂತ್ರದ ತಪ್ಪನ್ನು ಲಿನಕ್ಸಿನ ತಲೆಗೆ ಕಟ್ಟಿದ ಪ್ರಸಂಗವನ್ನೂ ಹೇಳಬೇಕು, ಏಕೆಂದರೆ ಅದು ನಮ್ಮ ಊರಿನ ಹವೆಗೇ ಸೇರಿದ್ದು. ಆಗಸ್ಟಿನಲ್ಲಿ ನಮ್ಮ ಯಂತ್ರ ಹೊತ್ತುಗೊತ್ತಿಲ್ಲದೆ ಸ್ತಬ್ಧವಾಗತೊಡಗಿತು. ಗೇಮ್ ಆಡುವಾಗ ಒಮ್ಮೆ, ನಾನು ಟೈಪ್ ಮಾಡುವಾಗ ಒಮ್ಮೆ, ಏನೂ ಮಾಡದಿರುವಾಗಲೂ ಒಮ್ಮೆ. ಜರ್ನಲ್‌ಸಿಟಿಎಲ್ ಎಂಬ ಆಜ್ಞೆಗೆ ಹಿಂದಿನ ಸಲದ ದಾಖಲೆ ಕೊಡು ಎಂದು ಕೇಳಿ ಓದಿದರೆ ಪ್ರತಿ ಸಲವೂ ಬೇರೆ ಬೇರೆ ಕಾರಣ ಕಾಣುತ್ತಿತ್ತು: ಒಂದು ದಿನ ಬ್ರೌಸರ್, ಮರುದಿನ ಸ್ಟೀಮ್, ಮತ್ತೊಂದು ದಿನ ಫೈಲ್ ಮ್ಯಾನೇಜರ್. ದಿನಕ್ಕೊಬ್ಬ ಕಳ್ಳ ಸಿಕ್ಕಿಬೀಳುತ್ತಿದ್ದಾನೆಂದರೆ ಅವರಲ್ಲಿ ಯಾರೂ ಕಳ್ಳರಲ್ಲ, ಕಪಾಟಿನ ಬೀಗವೇ ಸರಿಯಿಲ್ಲವೆಂದು ನನ್ನ ಸಂಘದ ಅನುಭವ ಹೇಳಿತು. ಮೆಮ್‌ಟೆಸ್ಟ್ ಎಂಬ ಪರೀಕ್ಷೆಯನ್ನು ಒಂದು ರಾತ್ರಿ ಓಡಲು ಬಿಟ್ಟೆವು. ಬೆಳಗ್ಗೆ ಪರದೆಯ ತುಂಬ ಕೆಂಪು ಸಾಲು. ಕಡಲಿನ ಉಪ್ಪುಗಾಳಿ, ಎರಡು ತಿಂಗಳು ಆರದ ತೇವ, ಪಾತ್ರೆಪಗಡಿಗೆ ಹಿಡಿಯುವ ಕಿಲುಬು ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಬಿಡುತ್ತದೆಯೇ? ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಆ ಹಲ್ಲುಗಳನ್ನು ಮೃದುವಾಗಿ ಉಜ್ಜಿ, ಪುಡಿಯನ್ನು ಕುಂಚದಿಂದ ಸವರಿ ಮತ್ತೆ ಕೂರಿಸಿದೆವು. ಎರಡನೆಯ ರಾತ್ರಿಯ ಪರೀಕ್ಷೆಯಲ್ಲಿ ಒಂದು ತಪ್ಪೂ ಬರಲಿಲ್ಲ. ಮಲ್ಪೆಯ ಕಡಲಿಗೆ ಹತ್ತಿರದಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಅಗುಳಿ ಬೀಗಗಳಿಗೆ ಎಣ್ಣೆ ಬಿಡುವಂತೆಯೇ ವರ್ಷಕ್ಕೊಮ್ಮೆ ಇದನ್ನೂ ಮಾಡಬೇಕೆಂದು ತೋರುತ್ತದೆ. ಯುಪಿಎಸ್ ಕಡೆ ಸ್ವಿಚ್ ಸರಿಸಿದ ಹಾಗೆ ಇದಕ್ಕೂ ಖರ್ಚಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಲಿನಕ್ಸಿನಲ್ಲಿ ಎಲ್ಲ ಗೇಮೂ ಓಡುತ್ತದೆಂದು ಯಾರೂ ತಿಳಿಯಬಾರದು. ಇತರರೊಡನೆ ಆನ್‌ಲೈನ್ ಆಡುವ ಹಲವು ಗೇಮುಗಳಲ್ಲಿ ಮೋಸ ತಡೆಯುವ ತಂತ್ರಾಂಶ ಇರುತ್ತದೆ. ಈಸಿ ಆ್ಯಂಟಿ ಚೀಟ್, ಬ್ಯಾಟಲ್‌ಐ ಎಂಬ ಎರಡು ತಂತ್ರಾಂಶಗಳು ಪ್ರೋಟಾನಿಗೆ ಬೆಂಬಲ ಕೊಡುವುದಾಗಿ 2021ರ ಸೆಪ್ಟೆಂಬರಿನಲ್ಲೇ ಪ್ರಕಟವಾಯಿತು, ಆದರೆ ಅದನ್ನು ಚಾಲೂ ಮಾಡುವುದೋ ಬಿಡುವುದೋ ಗೇಮ್ ತಯಾರಿಸುವವರ ಇಷ್ಟ. ವ್ಯಾಲೊರಂಟ್ ಲಿನಕ್ಸಿನಲ್ಲಿ ಓಡುವುದಿಲ್ಲ; ಅದರ ವ್ಯಾನ್‌ಗಾರ್ಡ್ ಎಂಬ ಮೋಸ ತಡೆಯುವ ತಂತ್ರಾಂಶ ವಿಂಡೋಸಿನ ತಿರುಳಿನೊಳಗೇ ಕುಳಿತು ಕೆಲಸ ಮಾಡುವಂಥದ್ದು. ಫೋರ್ಟ್‌ನೈಟ್ ಓಡುವುದಿಲ್ಲ. ಮೊದಲು ಓಡುತ್ತಿದ್ದ ಅಪೆಕ್ಸ್ ಲೆಜೆಂಡ್ಸನ್ನು 2024ರಲ್ಲಿ ಅದರ ತಯಾರಕರೇ ಲಿನಕ್ಸಿನವರಿಗೆ ಮುಚ್ಚಿದರು. ಇವಕ್ಕಾಗಿ ಮಕ್ಕಳು ಹಟ ಹಿಡಿದರೆ ತಂದೆತಾಯಂದಿರು ಅಂಗಡಿಗೆ ಓಡಬೇಕಿಲ್ಲ, ಇಲ್ಲಿ ದುರಸ್ತಿ ಮಾಡಲು ಏನೂ ಕೆಟ್ಟಿಲ್ಲ. ಅಂಥ ಗೇಮ್ ಬೇಕೇ ಬೇಕೆಂದಿದ್ದರೆ ವಿಂಡೋಸೇ ಸರಿಯೆಂದು ಅಂಗಡಿಯವರು ಮೊದಲೇ ಹೇಳುವುದು ನ್ಯಾಯ. ನನ್ನ ಮಗಳು ಅವಳ ಗೆಳತಿಯ ಮನೆಯಲ್ಲಿ ಆಡಿ ಬರುತ್ತಾಳೆ. ಓದಿನ ದೃಷ್ಟಿಯಿಂದ ನನಗಿದು ನಷ್ಟವೆಂದು ಅನಿಸಿಲ್ಲ.

ಅಂಗಡಿಯವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಲಾಗ್ ಓದಲು ಎರಡು ಗಂಟೆ ಬೇಕು, ಅದಕ್ಕೆ ಗಿರಾಕಿ ದುಡ್ಡು ಕೊಡುವುದಿಲ್ಲ, ಫಾರ್ಮ್ಯಾಟಿಗೆ ಕೊಡುತ್ತಾನೆ. ಆದರೆ ಗ್ಯಾರೇಜಿನವನು ಬೈಕಿನ ಯಾವ ಭಾಗ ಬದಲಿಸಿದೆ ಎಂದು ಚೀಟಿ ಬರೆದುಕೊಡುವಾಗ, ಕಂಪ್ಯೂಟರ್ ಅಂಗಡಿಯಲ್ಲಿ ‘ಫಾರ್ಮ್ಯಾಟ್, 600 ರೂಪಾಯಿ’ ಎಂಬ ಒಂದು ಸಾಲಿಗೆ ನಾವು ತೃಪ್ತಿಪಡುವುದೇಕೆ? ಅಳಿಸುವ ಮೊದಲು ಗಿರಾಕಿಯ ಹೋಮ್ ಫೋಲ್ಡರನ್ನು, ಅದರೊಳಗಿನ ಅಡಗಿರುವ ಫೋಲ್ಡರುಗಳನ್ನೂ ಸೇರಿಸಿ, ಬೇರೆ ಡಿಸ್ಕಿಗೆ ಪ್ರತಿ ಮಾಡುವುದು, ಹಿಂದಿನ ಕರ್ನೆಲಿನಲ್ಲಿ ಒಮ್ಮೆ ತೆರೆದು ನೋಡುವುದು, ಕಂಡ ದೋಷದ ಸಂದೇಶವನ್ನು ಇದ್ದದ್ದು ಇದ್ದಂತೆಯೇ ಚೀಟಿಯಲ್ಲಿ ಬರೆಯುವುದು, ಇಷ್ಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು. ಅದಕ್ಕೆ ಬೇಕಾದರೆ ಬೇರೆಯೇ ಹಣ ಪಡೆಯಲಿ, ನಾನಂತೂ ಕೊಡುತ್ತೇನೆ. ಲಿನಕ್ಸ್ ಬಲ್ಲ ಹುಡುಗರು ನಮ್ಮ ಕಡೆ ಇಲ್ಲವೆಂಬ ಮಾತನ್ನೂ ಕೇಳಿದ್ದೇನೆ. ಮಂಗಳೂರಿನಿಂದ ಐವತ್ತು ಕಿಲೋಮೀಟರ್ ತೆಂಕಕ್ಕೆ ಕಾಸರಗೋಡಿದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಸುಮಾರು ಎರಡು ದಶಕದಿಂದ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸಿನಲ್ಲೇ, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದನ್ನೇ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಕಾಲೇಜಿಗೆ ಬರುವುದು ಮಂಗಳೂರಿಗೆ. ಅಂಗಡಿಯವರು ರಜೆಯಲ್ಲಿ ಅವರಲ್ಲಿ ಒಬ್ಬಿಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರೂ ಸಾಕು.

ಫಾರ್ಮ್ಯಾಟ್ ಮಾಡಿಸಿದ ಮೇಲೆ “ಲಿನಕ್ಸಿನಲ್ಲಿ ಕನ್ನಡ ಬರುವುದಿಲ್ಲ” ಎಂದೂ ನನಗೆ ಹೇಳಿದ್ದರು. ಇದು ಶುದ್ಧ ತಪ್ಪು. ನಾವು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬಳಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು, ಐಬಸ್ ಎಂಬ ವ್ಯವಸ್ಥೆಯ ಮೂಲಕ ಅದೇ ವಿನ್ಯಾಸ ಕೆಜಿಪಿ ಎಂಬ ಹೆಸರಿನಲ್ಲಿ ಲಿನಕ್ಸಿನಲ್ಲೂ ಸಿಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಇಂಗ್ಲಿಷ್ ಅಕ್ಷರಗಳ ಕಸದಂತೆ ಕಂಡರೆ ಅದು ಲಿನಕ್ಸಿನ ದೋಷವಲ್ಲ, ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಈ ಪತ್ರವನ್ನೂ ಅದೇ ಯಂತ್ರದಲ್ಲೇ ಟೈಪ್ ಮಾಡಿದ್ದೇನೆ.

ಮನೆಯಲ್ಲಿ ಈಗ ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ಇದೆ. ಏನು ಬದಲಿಸಿದರೂ ತಾರೀಕು ಹಾಕಿ ಬರೆಯುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಕೆಟ್ಟದ್ದು ಸರಿಯಾದರೆ ಎದುರಿನ ಪುಟದಲ್ಲಿ ಕಾರಣ ಬರೆಯುವುದು, ಇದು ನಮ್ಮಿಬ್ಬರ ಒಪ್ಪಂದ. ಎದುರಿನ ಪುಟ ಖಾಲಿ ಉಳಿದಿರುವ ನಮೂದು ಈಗ ಒಂದೇ ಒಂದು. ಕಂಪ್ಯೂಟರನ್ನು ನಿದ್ದೆಗೆ ಕಳುಹಿಸಿ ಎಬ್ಬಿಸಿದ ಮೇಲೆ ಹೆಡ್‌ಫೋನಿನಲ್ಲಿ ಗೇಮಿನ ಶಬ್ದ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಟಪಟ ಎನ್ನುತ್ತದೆ. ಹಾಡು ಕೇಳುವಾಗ ಇಲ್ಲ, ವಿಡಿಯೋ ನೋಡುವಾಗ ಇಲ್ಲ, ಸೂಪರ್‌ಟಕ್ಸ್‌ಕಾರ್ಟಿನಲ್ಲೂ ಇಲ್ಲ, ಪ್ರೋಟಾನ್ ಮೂಲಕ ಓಡುವ ಗೇಮುಗಳಲ್ಲಿ ಮಾತ್ರ. ಪೈಪ್‌ವೈರ್ ಎಂಬ ಶಬ್ದ ವ್ಯವಸ್ಥೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹೋಗುತ್ತದೆ, ಮುಂದಿನ ನಿದ್ದೆಯ ಬಳಿಕ ಮತ್ತೆ ಬರುತ್ತದೆ. ಪ್ರೋಟಾನಿನ ಎರಡು ಆವೃತ್ತಿ ಬದಲಿಸಿ ನೋಡಿದೆವು, ಬೇರೆ ಹೆಡ್‌ಫೋನ್ ಹಾಕಿ ನೋಡಿದೆವು, ಹಳೆಯ ಕರ್ನೆಲಿನಲ್ಲೂ ನೋಡಿದೆವು, ವ್ಯತ್ಯಾಸವಿಲ್ಲ. ಲಾಗಿನ ಆ ಹೊತ್ತಿನ ಸಾಲುಗಳನ್ನು ಪ್ರತ್ಯೇಕ ಹಾಳೆಯಲ್ಲಿ ಮುದ್ರಿಸಿ ಈ ಪತ್ರದ ಜೊತೆ ತಮಗೆ ಕಳುಹಿಸಿದ್ದೇನೆ. ತಮ್ಮ ಓದುಗರಲ್ಲಿ ಇದನ್ನು ಕಂಡು ಸರಿಪಡಿಸಿದವರು ಯಾರಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಬೇಕಾಗಿ ಕೋರಿಕೆ. ಫಾರ್ಮ್ಯಾಟ್ ಮಾಡಿ ಎಂಬ ಸಲಹೆ ಈಗಾಗಲೇ ಮೂವರಿಂದ ಬಂದಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಿಗ, ತಮ್ಮ ಓದುಗ
ಕುಂಜಿಬೆಟ್ಟು, ಉಡುಪಿ